ಗುಜರಿ ಅಂಗಡಿಯ ಕಲಾವಿಮರ್ಶಕ

ನಮ್ಮ ಮಂಡ್ಯ ಕಡೆ ಆರ್ಟ್ ಗ್ಯಾಲರಿ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ನಾನು ಗುಜರಿ ಅಂಗಡಿ ಕಡೆ ಕೈ ತೋರಿಸ್ತೀನಿ. ತಮಾಷೆ ಅಲ್ಲ. ಹಳೇ ಮನೆ ಕೆಡವಿ ಡ್ಯೂಪ್ಲೆಕ್ಸ್ ಕಟ್ಟಿಸುವಾಗ ಗೋಡೆ ಮೇಲಿನ ಪಟಗಳೆಲ್ಲ ಕೆಳಗಿಳಿಯುತ್ತವೆ. ದೇವರ ಪಟಗಳನ್ನು ಮಾತ್ರ ಅರಳಿಮರದ ಕಟ್ಟೆ ಮೇಲೆ ಇಟ್ಟು ಬರ್ತಾರೆ, ಒಳಗೆ ಸಣ್ಣ ಭಯ ಇರುತ್ತಲ್ಲ. ಮನುಷ್ಯರು ಕೈಯಾರೆ ಬರೆದ ಚಿತ್ರಕ್ಕೆ ಆ ಭಯವೂ ಇಲ್ಲ. ಅದು ತೂಕಕ್ಕೆ ಹೋಗುತ್ತೆ. ಫ್ರೇಮು ಬೇರೆ, ಗಾಜು ಬೇರೆ, ಚಿತ್ರ ರಟ್ಟಿನ ಲೆಕ್ಕ.

ಬೆಂಗಳೂರಿಂದ ಊರಿಗೆ ಹೋಗುವಾಗ ಇಂಥ ಅಂಗಡಿಗಳಲ್ಲಿ ಇಳಿದು, ಸಿಕ್ಕ ಚಿತ್ರಗಳ ಫೋಟೋ ತೆಗೆದು, ಗೆಳೆಯರ ವಾಟ್ಸಾಪ್ ಗುಂಪಿಗೆ ಸ್ಟಾರ್ ಸಮೇತ ವಿಮರ್ಶೆ ಬರೆಯೋದು ನನ್ನ ಚಟ. ಸ್ಯಾಂಪಲ್ ನೋಡಿ.

ಚಿತ್ರ ಒಂದು, ಮಂಡ್ಯ. ಹಾರ್ಡ್‌ಬೋರ್ಡ್ ಮೇಲೆ ಎನಾಮಲ್ ಪೇಂಟು. ಹಿಂದೆ ಕನ್ನಂಬಾಡಿ ಕಟ್ಟೆ, ಮುಂದೆ ಪೇಟ ತೊಟ್ಟ ವಿಶ್ವೇಶ್ವರಯ್ಯನವರು. ಕಟ್ಟೆಯ ಎತ್ತರ ಸುಮಾರು 130 ಅಡಿ. ಚಿತ್ರದಲ್ಲಿ ಸರ್ ಎಂ.ವಿ. ಕೂಡ ಅಷ್ಟೇ ಇದ್ದಾರೆ. ಬೇರೆ ಜಿಲ್ಲೆಯಲ್ಲಾಗಿದ್ದರೆ ಇದನ್ನು ಅಳತೆಯ ತಪ್ಪು ಅನ್ನಬಹುದಿತ್ತು, ಮಂಡ್ಯದಲ್ಲಿ ಇದು ಸಾರ್ವಜನಿಕ ಅಭಿಪ್ರಾಯ. ಇನ್ನು ನೀರು. ಗರಿಷ್ಠ ಮಟ್ಟ 124.80 ಅಡಿ ಅಂತ ಇಲ್ಲಿ ಟೀ ಅಂಗಡಿ ಹುಡುಗನಿಗೂ ಗೊತ್ತು. ಕಲಾವಿದರು ಕಟ್ಟೆಯ ಅಂಚಿನವರೆಗೂ ತುಂಬಿಸಿಬಿಟ್ಟಿದ್ದಾರೆ. ಇಷ್ಟು ನೀರಿದ್ದಿದ್ದರೆ ನ್ಯಾಯಮಂಡಳಿಯೇ ಬೇಕಿರಲಿಲ್ಲ. ಮೂರು ಸ್ಟಾರ್.

ಚಿತ್ರ ಎರಡು, ಮದ್ದೂರು. ದೀಪ ಹಿಡಿದ ಹೆಂಗಸು. ಮೂಲ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ಅದು ರವಿವರ್ಮನದು ಅಂತ ನಂಬಿರೋರು ಬಹಳ ಜನ, ಆದರೆ ಬರೆದವರು ಎಸ್.ಎಲ್. ಹಲ್ದಣಕರ್. ಅದೂ ಜಲವರ್ಣದಲ್ಲಿ, ಸ್ವಂತ ಮಗಳನ್ನು ದೀಪ ಹಿಡಿಸಿ ನಿಲ್ಲಿಸಿಕೊಂಡು. ಮೂಲದಲ್ಲಿ ದೀಪದ ಬೆಳಕು ಬೆರಳ ಸಂದಿಯಿಂದ ಕೆಂಪಗೆ ಸೋರಿ ಮುಖಕ್ಕೆ ಹತ್ತುತ್ತೆ. ಮದ್ದೂರಿನ ಪ್ರತಿಯಲ್ಲಿ ಜ್ವಾಲೆಯೇ ಮದ್ದೂರು ವಡೆ ಗಾತ್ರ ಇದೆ. ಆದರೂ ಬೆಳಕು ಮುಖ ಒಂದು ಬಿಟ್ಟು ಮಿಕ್ಕೆಲ್ಲ ಕಡೆ ಬಿದ್ದಿದೆ. ಬಹುಶಃ ಹಿಂದೆ ಟ್ಯೂಬ್‌ಲೈಟ್ ಉರೀತಿತ್ತು. ಬೆರಳು ಎಣಿಸಿದೆ, ಆರು. ಎಐ ಈಚೆಗೆ ಮಾಡಿದ ತಪ್ಪನ್ನು ನಮ್ಮೋರು ಎಂದೋ ಮಾಡಿ ಮುಗಿಸಿದ್ರು. ಎರಡೂವರೆ ಸ್ಟಾರ್.

ಚಿತ್ರ ಮೂರು, ಮಳವಳ್ಳಿ. ಗಗನಚುಕ್ಕಿ ಜಲಪಾತ. 1902ರಲ್ಲಿ ಇದೇ ಶಿವನಸಮುದ್ರದ ನೀರಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿ ನಡೆಸಿದ್ರು. ಈ ಚಿತ್ರದ ನೀರಲ್ಲಿ ಒಂದು ಮೊಬೈಲ್ ಕೂಡ ಚಾರ್ಜ್ ಆಗಲ್ಲ, ಹತ್ತಿ ಹಿಂಜಿ ಅಂಟಿಸಿದ ಹಾಗಿದೆ. ಬಂಡೆಯ ಮೇಲೆ ಒಂದು ಜಿಂಕೆ. ಅದರ ಮುಖ, ಬಾಲ, ನಿಂತಿರೋ ಭಂಗಿ ಎಲ್ಲ ಬೀದಿನಾಯಿಯದ್ದೇ. ಆಕಾಶ ಮಾತ್ರ ಅದ್ಭುತ. ಆಕಾಶಕ್ಕೆ ಎರಡು ಸ್ಟಾರ್, ಜಿಂಕೆಗೆ ಸೊನ್ನೆ.

ಗುಂಪಲ್ಲಿ ನಗುವ ಎಮೋಜಿಗಳು ಸುರಿದವು. ಒಬ್ಬಳು ಗೆಳತಿ ಮಾತ್ರ ಕೇಳಿದಳು: "ಬರೆದೋರು ನಿನ್ನ ಮುಂದೆ ಕೂತಿದ್ರೆ ಇದನ್ನೇ ಓದ್ತಿದ್ಯಾ?"

ಇಂಥ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರಗಳಿದ್ದವು. ಒಂದು, ಬರೆದವರು ಯಾರು ಅಂತ ಗೊತ್ತಿಲ್ಲ, ಹಾಗಾಗಿ ಯಾರಿಗೂ ನೋವಿಲ್ಲ. ಎರಡು, ಮನೆಯವರು ಎಸೆದರು, ಅಂಗಡಿಯವನು ತೂಗಿದ, ನಾನೊಬ್ಬನೇ ಅದನ್ನು ಐದು ನಿಮಿಷ ನೋಡಿದ್ದು. ಮೂರು, ಲೋಕದಲ್ಲಿ ಇದಕ್ಕೊಂದು ಸಂಪ್ರದಾಯವೇ ಇದೆ. ಅಮೆರಿಕದ ಬಾಸ್ಟನ್ ಹತ್ತಿರ ಒಬ್ಬ ಹಳೇ ವಸ್ತುಗಳ ವ್ಯಾಪಾರಿ ಫ್ರೇಮಿನ ಆಸೆಗೆ ಕಸದಿಂದ ಒಂದು ಚಿತ್ರ ಎತ್ತಿಕೊಂಡ. ಹೂವಿನ ಬಯಲಲ್ಲಿ ಕುಣಿಯೋ ಅಜ್ಜಿಯ ಚಿತ್ರ ಅದು. ಅದರಿಂದಲೇ 1994ರಲ್ಲಿ ಕೆಟ್ಟ ಕಲೆಯ ಮ್ಯೂಸಿಯಂ ಹುಟ್ಟಿತು. ಅಲ್ಲೊಂದು ನಿಯಮ ಇದೆ: ಬೇಕಂತಲೇ ಕೆಟ್ಟದಾಗಿ ಬರೆದದ್ದನ್ನು ಸೇರಿಸಲ್ಲ. ಮನಸ್ಸಿಟ್ಟು ಬರೆದು ಕೆಟ್ಟಿರಬೇಕು.

ಈ ಮೂರನೇ ವಾದ ಟೈಪ್ ಮಾಡುವಾಗಲೇ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯ್ತು. ಹಾಗಾದರೆ ನಾವು ನಗ್ತಿರೋದು ಯಾವುದಕ್ಕೆ? ಕೈ ತಪ್ಪಿದ್ದಕ್ಕಾ, ಮನಸ್ಸಿಟ್ಟಿದ್ದಕ್ಕಾ? ನಾವು ದಿನಾ ಇದನ್ನೇ ಮಾಡ್ತೀವಿ. ಊಟ ತಂದವನಿಗೆ ಸ್ಟಾರ್, ಕ್ಯಾಬ್ ಓಡಿಸಿದವನಿಗೆ ಸ್ಟಾರ್. ಆದರೆ ನಮ್ಮ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಅರ್ಧ ಪಾಯಿಂಟ್ ಕಡಿಮೆ ಕೊಟ್ಟರೆ "ನಾನ್ ಮಾಡಿದ ಕೆಲಸ ಅವ್ನು ಸರಿಯಾಗಿ ನೋಡೇ ಇಲ್ಲ" ಅಂತ ಒಂದು ವಾರ ನಿದ್ದೆ ಬರಲ್ಲ.

ಮುಂದಿನ ವಾರ ಮಳವಳ್ಳಿಗೆ ಹೋದಾಗ ಗಗನಚುಕ್ಕಿ ಇನ್ನೂ ಅಂಗಡಿಯಲ್ಲೇ ಒರಗಿತ್ತು. ನೂರೈವತ್ತಕ್ಕೆ ಕೊಂಡುಕೊಂಡೆ. ಹಿಂದೆ ತಿರುಗಿಸಿದರೆ ದುಂಡಗಿನ ಅಕ್ಷರದಲ್ಲಿ "ಗೃಹಪ್ರವೇಶದ ಪ್ರೀತಿಯ ಕಾಣಿಕೆ" ಅಂತಿತ್ತು, ಕೆಳಗೆ ಸಹಿ.

"ಇದಾ ಸಾ? ನಮ್ ಡ್ರಾಯಿಂಗ್ ಮೇಷ್ಟ್ರುದು," ಅಂದ ಅಂಗಡಿಯವನು. "ನಂಗೂ ಪಾಠ ಮಾಡವ್ರೆ. ಇಲ್ಲೇ ಹಿಂದ್ಗಡೆ ಬೀದೀಲವ್ರೆ, ಓಗಿ ಮಾತಾಡ್ಸಿ."

ಹೋಗಬಾರದು ಅಂತಲೇ ಕಾರು ಹತ್ತಿದೆ. ಆದರೆ ಗೆಳತಿಯ ಪ್ರಶ್ನೆಯೂ ಹತ್ತಿ ಪಕ್ಕದಲ್ಲೇ ಕೂತಿತ್ತು. ಹೋದೆ.

ಮೇಷ್ಟ್ರಿಗೆ ಎಂಬತ್ತು ದಾಟಿದೆ. ಚಿತ್ರ ಕೈಗೆ ಕೊಟ್ಟ ಕೂಡಲೇ ಹಿಂದೆ ತಿರುಗಿಸಿ ಓದಿದರು. "ಎಲ್ಲಿ ಸಿಕ್ತು?" ಅಂದರು. ಏನು ಹೇಳೋದು? "ಒಬ್ಬರ ಮನೆಯಲ್ಲಿ" ಅನ್ನೋ ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರೇ, "ಮನೆ ಕೆಡವಿರ್ಬೇಕು ಬುಡಿ. ಹಳೇ ಮನೆ, ಸೋರ್ತಿತ್ತು," ಅಂದರು. ಕೊಟ್ಟ ಕಾಣಿಕೆ ಗುಜರಿಗೆ ಬಿದ್ದದ್ದಕ್ಕೆ ಬೇಜಾರಿತ್ತೋ ಇಲ್ಲವೋ, ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಎಷ್ಟು ಕೊಟ್ರಿ ಅಂದಾಗ ಮಾತ್ರ ನಿಜ ಹೇಳಿದೆ. "ನೂರೈವತ್ತಾ? ಆಗಿನ ಕಾಲ್ದಲ್ಲಿ ಫ್ರೇಮಿಗೇ ಅದ್ಕಿಂತ ಜಾಸ್ತಿ ಆಗಿತ್ತು ಕಣಪ್ಪ."

ಆಮೇಲೆ ಅದೇನು ಧೈರ್ಯ ಬಂತೋ, ವಿಮರ್ಶೆ ಓದಿದೆ. ಪೂರ್ತಿ ಅಲ್ಲ. ಓದುತ್ತಾ ಓದುತ್ತಾ ಎಷ್ಟೋ ಪದಗಳು ಬಾಯಲ್ಲೇ ಬದಲಾದವು. ಹತ್ತಿಯ ಸಾಲಿಗೆ ಅವರು ಹೂಂ ಅಂದರು. ಜಿಂಕೆಯ ಸಾಲಿಗೆ ಬಂದಾಗ ಕೈ ಎತ್ತಿ ತಡೆದರು.

"ಜಿಂಕೆ ಅಲ್ಲಪ್ಪ, ಅದು ನಾಯೇ. ನಮ್ಮನೆ ನಾಯಿ. ಅವತ್ತು ನನ್ ಜೊತೇಲೇ ಬಂದಿತ್ತು."

ನಾನು ಚಿತ್ರವನ್ನು ಮತ್ತೆ ನೋಡಿದೆ. ಕೊಂಬಿಲ್ಲ, ಚುಕ್ಕಿಯಿಲ್ಲ. ಒಂದು ನಾಯಿ ಬಂಡೆ ಮೇಲೆ ನಿಂತು ನೀರು ನೋಡ್ತಿದೆ. ಅಷ್ಟೇ. ಇಂಥ ಚಿತ್ರಗಳಲ್ಲಿ ಜಿಂಕೆ ಇರುತ್ತೆ ಅಂತ ನಾನು ಮೊದಲೇ ತೀರ್ಮಾನ ಮಾಡಿಕೊಂಡು ಬಂದಿದ್ದೆ. ಐದು ನಿಮಿಷ ನೋಡಿದೆ ಅಂತ ಜಂಬ ಬೇರೆ.

"ಆಕಾಶ ಚೆನ್ನಾಗಿದೆ ಮೇಷ್ಟ್ರೇ," ಅಂದೆ, ಮುಖ ಉಳಿಸಿಕೊಳ್ಳೋಕೆ.

"ಅದು ನಂದಲ್ಲ. ಕ್ಯಾಲೆಂಡರ್ ನೋಡ್ಕಂಡು ಹಾಕಿದ್ದು." ಆಮೇಲೆ ನೀರಿನ ಮೇಲೆ ಬೆರಳಿಟ್ಟರು. "ಇಲ್ಲಿ ನೋಡಿ. ನೀವು ಹತ್ತಿ ಅಂದದ್ದು ಸರಿ, ಯಾಕಂತ ಯೋಳ್ಲಿಲ್ಲ. ತೂಕ ಇಲ್ಲ. ಬೀಳೋ ನೀರಿಗೆ ತೂಕ ಇರ್ಬೇಕು. ಎಷ್ಟೋ ಸಲ ಬರ್ದೆ, ಬರ್ಲೇ ಇಲ್ಲ."

ಮೊದಲ ಸಲ ಆ ಚಿತ್ರದ ಬಗ್ಗೆ ಸರಿಯಾದ ವಿಮರ್ಶೆ ಕೇಳಿದ್ದೆ. ನನ್ನದಕ್ಕಿಂತ ಕಟುವಾಗಿತ್ತು, ಆದರೂ ಅದರಲ್ಲಿ ಅವಮಾನ ಇರಲಿಲ್ಲ. ತಪ್ಪು ಎಲ್ಲಿದೆಯೋ ಅಲ್ಲೇ ಬೆರಳಿಟ್ಟಿತ್ತು.

ಆವತ್ತಿನಿಂದ ನನ್ನ ಲೆಕ್ಕ ಇಷ್ಟು. ಕೆಟ್ಟ ಚಿತ್ರವನ್ನು ನೋಡಿ ನಗೋದು ಪಾಪ ಅಲ್ಲ. ಎಲ್ಲವನ್ನೂ "ಸೂಪರ್" ಅಂದು ಮುಂದಕ್ಕೆ ತಳ್ಳೋದೂ ಕರುಣೆ ಅಲ್ಲ, ಅದು ನೋಡದೇ ಇರೋದಕ್ಕೆ ಇನ್ನೊಂದು ಹೆಸರು. ನನ್ನ ತಪ್ಪೂ ಅದೇ ಜಾತಿಯದ್ದು: ನೋಡುವ ಮೊದಲೇ ನಕ್ಕಿದ್ದೆ. ಬರೆದವರು ಸಿಗದಿದ್ದರೆ ಯಾರಿಗೂ ನೋವಾಗಲ್ಲ ಅನ್ನೋದು ನಿಜವೇ ಇರಬಹುದು. ಆದರೆ ನಾಯಿಯನ್ನು ಜಿಂಕೆ ಅಂದುಕೊಂಡು ಬದುಕೋನು ನಾನೇ ತಾನೆ. ಮದ್ದೂರಿನ ಆ ಆರನೇ ಬೆರಳಿಗೂ ಏನಾದರೂ ಕಾರಣ ಇತ್ತೇನೋ. ಕೇಳೋಕೆ ಯಾರೂ ಸಿಗಲಿಲ್ಲ. ಸುಮ್ಮನೆ ಕೈ ತಪ್ಪಿರಲೂಬಹುದು; ಹಾಗಿದ್ದರೆ ಎರಡೂವರೆ ಸ್ಟಾರ್ ಹಾಗೇ ಇರಲಿ.

ಚಿತ್ರ ಇಟ್ಟುಕೊಳ್ಳಿ ಅಂದೆ. "ನಂಗ್ಯಾಕೆ, ನನ್ ಗೋಡೇಲಿ ಜಾಗ ಇಲ್ಲ. ನೀವು ಕಾಸು ಕೊಟ್ಟಿದ್ದೀರಿ, ನೀವೇ ನೋಡಿ," ಅಂದು ವಾಪಸ್ ಕೊಟ್ಟರು.

ಈಗ ಅದು ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಟಿವಿ ಪಕ್ಕ ನೇತಾಡ್ತಿದೆ. ಮನೆಗೆ ಬಂದ ಗೆಳೆಯರು ಒಬ್ಬೊಬ್ಬರಾಗಿ ಅದರ ಮುಂದೆ ನಿಂತು "ಲೋ, ಜಿಂಕೆ ನೋಡೋ, ಥೇಟ್ ನಾಯಿ ಥರ ಇದೆ" ಅಂತ ಬಿದ್ದು ಬಿದ್ದು ನಗ್ತಾರೆ. ನಾನು ತಡೆಯಲ್ಲ. ಕಾಫಿ ಬೆರೆಸಿಕೊಂಡು ಬಂದು, ಅವರ ನಗು ಮುಗಿಯೋವರೆಗೆ ಕಾಯ್ತೀನಿ.