ನಮ್ಮೋರಿಗೆ ಮಾತ್ರ ಕಮ್ಮಿ ಬಾಡಿಗೆ

ಬೆಂಗಳೂರಿನ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡಾಗೆಲ್ಲ ನಮಗೆ ಬರೋ ಮೊದಲ ಯೋಚನೆ, ಎಲ್ಲಾ ಬಿಟ್ಟು ಊರ ಕಡೆ ಹೋಗಿಬಿಡೋಣ ಅಂತ. ಲ್ಯಾಪ್‌ಟಾಪ್ ಇದೆ, ತಾಲ್ಲೂಕು ಕೇಂದ್ರಗಳಿಗೂ ಫೈಬರ್ ಕನೆಕ್ಷನ್ ಬಂದಿದೆ, ಇಲ್ಲಿ ಒಂದು ತಿಂಗಳಿಗೆ ಕೊಡೋ ಬಾಡಿಗೆಯಲ್ಲಿ ಅಲ್ಲಿ ಮೂರು ತಿಂಗಳು ಆರಾಮಾಗಿ ಇರಬಹುದು. ಲೆಕ್ಕವೇನೋ ಸರಿಯಾಗೇ ಇದೆ. ಆದರೆ ಸಾಗರವೋ ಶಿರಸಿಯೋ ಪುತ್ತೂರೋ, ಅಂಥ ಊರಲ್ಲಿ ನಿಜಕ್ಕೂ ಮನೆ ಹುಡುಕೋಕೆ ಹೊರಟವರನ್ನ ಕೇಳಿ ನೋಡಿ. ಬಾಡಿಗೆಯ ಮಾತು ಅಲ್ಲಿ ಬರೋದು ಕಟ್ಟಕಡೆಗೆ.

ಮೊದಲನೇದಾಗಿ, ಟು-ಲೆಟ್ ಬೋರ್ಡು ಕಣ್ಣಿಗೆ ಬೀಳೋದೇ ಅಪರೂಪ. ಆಪ್ ತೆಗೆದರೆ ಮೂರು ಮನೆ ತೋರಿಸುತ್ತೆ, ಅದರಲ್ಲಿ ಎರಡು ಮಾರಾಟಕ್ಕಿರೋ ಸೈಟು. ಯಾವ ಮನೆ ಖಾಲಿ ಆಗ್ತಿದೆ ಅನ್ನೋ ಸುದ್ದಿ ಇರೋದು ಕಿರಾಣಿ ಅಂಗಡಿಯವರ ಹತ್ತಿರ, ಹಾಲಿನವರ ಹತ್ತಿರ, ದೇವಸ್ಥಾನದ ಭಟ್ಟರ ಹತ್ತಿರ. ಅವರು ಹೇಳೋದು ಪರಿಚಯ ಇದ್ದವರಿಗೆ. ಹಾಗಂತ ಮನೆಗಳಿಗೇನೂ ಬರ ಇಲ್ಲ. ಮಗ ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ, ಮೇಲಿನ ಮಹಡಿಗೆ ಬೀಗ. ಇಂಥವು ಬೀದಿಗೆ ಎರಡಾದರೂ ಸಿಗುತ್ತವೆ. 2011ರ ಜನಗಣತಿಯ ಪ್ರಕಾರ ದೇಶದ ನಗರ, ಪಟ್ಟಣಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು.

ನನ್ನ ಗೆಳೆಯನೊಬ್ಬ ಹೋದ ವರ್ಷ ಸಾಗರದಲ್ಲಿ ಮನೆ ಹುಡುಕಿದ. ವರ್ಕ್ ಫ್ರಮ್ ಹೋಮ್ ಕೆಲಸ, ಸಂಬಳ ಬೆಂಗಳೂರಿನದೇ. ಮನೆ ಸಿಗೋವರೆಗೆ ಬಸ್ ಸ್ಟ್ಯಾಂಡ್ ಕಡೆಯ ಒಂದು ಲಾಡ್ಜಿನಲ್ಲಿದ್ದ. ಪಕ್ಕದ ರೂಮಿನಲ್ಲಿ ಇನ್ನೊಬ್ಬರು, ರಾಯಚೂರು ಕಡೆಯವರು, ಕಾಲೇಜೊಂದಕ್ಕೆ ಗೆಸ್ಟ್ ಲೆಕ್ಚರರ್ ಆಗಿ ಬಂದಿದ್ದವರು. ಅವರೂ ಮನೆ ಹುಡುಕ್ತಾ ಇದ್ದರು. ಸಂಜೆ ಇಬ್ಬರೂ ಟೀ ಕುಡೀತಾ ನಂಬರ್ ಹಂಚಿಕೊಳ್ತಿದ್ದರು. ಹಾಗೆ ಒಂದೇ ಮನೆಗೆ, ಒಂದೇ ದಿನ, ಇಬ್ಬರೂ ಫೋನ್ ಮಾಡಿದರು. ರಿಟೈರ್ಡ್ ಮೇಷ್ಟ್ರೊಬ್ಬರ ಮನೆ, ಮೇಲಿನ ಮಹಡಿ.

ಮೇಷ್ಟ್ರು ಇಬ್ಬರ ಹತ್ತಿರವೂ ಬಹಳ ಮರ್ಯಾದೆಯಿಂದಲೇ ಮಾತಾಡಿದರು. ನಮ್ಮ ಕಡೆ ಜಾತಿಯನ್ನ ಯಾರೂ ನೇರವಾಗಿ ಕೇಳಲ್ಲ, ನಿಮಗೂ ಗೊತ್ತಲ್ಲ. "ನಿಮ್ಮದು ಯಾವ ಕಡೆ ಆಯ್ತು?" "ಮನೆ ದೇವ್ರು ಯಾವ್ದು?" "ಅಡುಗೆ ಎಲ್ಲ ಹೇಗೆ, ಮನೇಲೇ ಮಾಡ್ಕೋತೀರಾ?" ಮೂರನೇ ಪ್ರಶ್ನೆ ಮುಗಿಯೋ ಹೊತ್ತಿಗೆ ಅವರಿಗೆ ಬೇಕಾದ ಉತ್ತರ ಸಿಕ್ಕಿರುತ್ತೆ. ಲೆಕ್ಚರರ್‌ಗೆ ಸಿಕ್ಕಿದ್ದು "ಮಗ ಬರ್ತೀನಿ ಅಂತಿದಾನೆ, ನೋಡಿ ಹೇಳ್ತೀನಿ." ನನ್ನ ಗೆಳೆಯನಿಗೆ ಸಿಕ್ಕಿದ್ದು "ಒಂಬತ್ತು ಅಂದ್ಕೊಂಡಿದ್ದೆ, ನಮ್ಮ ಹುಡುಗನೇ ಆದ್ಯಲ್ಲ, ಆರೂವರೆ ಕೊಡು ಸಾಕು." ಲೆಕ್ಚರರ್ ಕೊನೆಗೆ ಮಾರ್ಕೆಟ್ ಹಿಂದೆ, ನೀರು ದಿನ ಬಿಟ್ಟು ದಿನ ಬರೋ ಮನೆಗೆ 8,000 ಕೊಟ್ಟು ಸೇರಿಕೊಂಡರು. ಸಂಬಳ ಜಾಸ್ತಿ ಇದ್ದವನಿಗೆ ಕಮ್ಮಿ ಬಾಡಿಗೆ, ಕಮ್ಮಿ ಇದ್ದವರಿಗೆ ಜಾಸ್ತಿ.

ಸಣ್ಣ ಊರಲ್ಲಿ ಬಾಡಿಗೆ ಅಗ್ಗ ಅಂತ ನಾವು ಅಂದುಕೊಳ್ಳೋದರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಆ ರೇಟು ಮಾರ್ಕೆಟ್ಟಿನದಲ್ಲ. ಅದು ನಂಬಿಕೆಗೆ ಕೊಟ್ಟ ಡಿಸ್ಕೌಂಟು. ನಂಬಿಕೆಗೆ ನಮ್ಮಲ್ಲಿ ಅತಿ ಸುಲಭದ ಅಡ್ಡದಾರಿ ಅಂದರೆ ಜಾತಿ.

ಮೇಷ್ಟ್ರನ್ನ ವಿಲನ್ ಮಾಡಿಬಿಟ್ಟರೆ ಬರೆಯೋದು ಸಲೀಸು. ಆದರೆ ಅವರ ಭಯ ಪೂರ್ತಿ ಸುಳ್ಳಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದ ಕಾಲದಲ್ಲಿ ಮನೆ ಬಿಡಿಸೋಕೆ ಕೋರ್ಟು ಅಲೆದು ಸುಸ್ತಾದವರ ಕತೆಗಳನ್ನ ಆ ತಲೆಮಾರು ಕೇಳಿಕೊಂಡೇ ಬೆಳೆದಿದೆ. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಮಿತಿ ಎಷ್ಟು ಗೊತ್ತಾ? ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000. ಅದಕ್ಕಿಂತ ಜಾಸ್ತಿ ಬಾಡಿಗೆಯ ಮನೆಗಳಿಗೆ ಆ ಕಾಯ್ದೆ ಅನ್ವಯಿಸೋದೇ ಇಲ್ಲ. ಈಗ ಆ ರೇಟಿಗೆ ಮನೆ ಎಲ್ಲಿದೆ ಸ್ವಾಮಿ? ಒಂದು ವರ್ಷ ಮೀರಿದ ಕರಾರನ್ನ ನೋಂದಾಯಿಸಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತೆ, ಅದಕ್ಕೇ ನಾವೆಲ್ಲ 11 ತಿಂಗಳ ಅಗ್ರಿಮೆಂಟಿನಲ್ಲಿ ಬದುಕ್ತಿದೀವಿ. ಎರಡೂ ಕಡೆಯವರನ್ನ ಕಾಯೋಕೆ ಒಂದು ಸ್ಟ್ಯಾಂಪ್ ಪೇಪರ್ ಬಿಟ್ಟರೆ ಹೆಚ್ಚೇನೂ ಇಲ್ಲದ ಕಡೆ, ಮಾಲೀಕ ಮುಖ ನೋಡಿ ಮಣೆ ಹಾಕ್ತಾನೆ.

ಭಯ ಅರ್ಥ ಆಗುತ್ತೆ ಅಂದಮಾತ್ರಕ್ಕೆ ಅದು ನ್ಯಾಯ ಆಗಲ್ಲ. "ನಮ್ಮ ಮನೆ, ನಮ್ಮ ಇಷ್ಟ" ಅನ್ನೋ ಮಾತಿಗೆ ಬರೋಣ. ನನ್ನ ಅಡುಗೆಮನೆ, ಬಚ್ಚಲುಮನೆ ಹಂಚಿಕೊಳ್ಳೋ ರೂಮ್‌ಮೇಟನ್ನ ಆರಿಸೋ ಹಕ್ಕು ನನಗೆ ಇರಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಬೇರೆ ಮೆಟ್ಟಿಲು, ಬೇರೆ ಮೀಟರು, ಬೇರೆ ಬಾಗಿಲು ಇರೋ ಮಹಡಿಯನ್ನ ದುಡ್ಡಿಗೆ ಕೊಡೋಕೆ ಹೊರಟ ಮೇಲೆ ಅದು ವ್ಯವಹಾರ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಅಂತ ಹೆಸರು ಹಿಡಿದು, ಇಲ್ಲಿ ಜಾತಿ ಧರ್ಮದ ಮೇಲೆ ಯಾರನ್ನೂ ತಡೆಯೋ ಹಾಗಿಲ್ಲ ಅನ್ನುತ್ತೆ. ಆ ಪಟ್ಟಿಯಲ್ಲಿ ಬಾಡಿಗೆ ಮನೆಯ ಹೆಸರಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ವಾಸಕ್ಕೆ ಅಡ್ಡಿ ಮಾಡೋದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ ನಿಜ, ಆದರೆ "ಮಗ ಬರ್ತೀನಿ ಅಂತಿದಾನೆ" ಅನ್ನೋ ಮಾತಿನಲ್ಲಿ ಅದನ್ನ ಸಾಬೀತು ಮಾಡೋದು ಹೇಗೆ? ಲಾಡ್ಜಿನವನು ಇಬ್ಬರಿಗೂ ಅಕ್ಕಪಕ್ಕದ ರೂಮು ಕೊಟ್ಟಿದ್ದ, ಒಂದೇ ರೇಟಿಗೆ. ಅವನು ಕೇಳಿದ್ದು ಆಧಾರ್ ಕಾಪಿ ಮಾತ್ರ. ನೀರು ಕುಡಿಯೋ ಲೋಟ ಅವನ ಹೋಟೆಲಿನಲ್ಲೂ ಎಲ್ಲರಿಗೂ ಒಂದೇ.

ಗೆಳೆಯನ ಜೊತೆ ಈ ವಿಷಯಕ್ಕೆ ಜಗಳ ಆಗೋವಷ್ಟು ಮಾತಾಯ್ತು. ಅವನ ವಾದ ಗಟ್ಟಿಯಾಗಿತ್ತು. "ನಾನು ಬಿಟ್ಟರೆ ಆ ಮನೆ ಅವರಿಗೇನು ಸಿಕ್ತಿರ್ಲಿಲ್ಲ ಮಾರಾಯ. ಇನ್ನೊಬ್ಬ 'ನಮ್ಮ ಹುಡುಗ' ಬಂದು ಸೇರ್ಕೋತಿದ್ದ. ಹಾಗಿದ್ದ ಮೇಲೆ ನಾನ್ಯಾಕೆ ಬಿಡ್ಲಿ?" ಹೌದು, ಅವನೊಬ್ಬ ಬಿಟ್ಟಿದ್ದರೆ ಲೆಕ್ಚರರ್‌ಗೆ ನಯಾಪೈಸೆ ಲಾಭ ಇರಲಿಲ್ಲ. ಆದರೆ ಇದೇ ವಾದವನ್ನ ಮೇಷ್ಟ್ರೂ ಹೇಳಬಹುದು: ನಾನೊಬ್ಬ ಕೊಟ್ಟರೆ ಊರು ಬದಲಾಗುತ್ತಾ? ಹಾಲಿನವರೂ ಹೇಳಬಹುದು. ಎಲ್ಲರ ಕೈಯಲ್ಲೂ ಇದೇ ರಸೀದಿ. ಎಲ್ಲಾ ಸೇರಿಸಿದರೆ ಒಬ್ಬ ಮನುಷ್ಯ ನೀರಿಲ್ಲದ ಮನೆಗೆ 1,500 ಜಾಸ್ತಿ ಕೊಡ್ತಾನೆ, ತಪ್ಪು ಮಾತ್ರ ಯಾರದ್ದೂ ಅಲ್ಲ.

ಇನ್ನು ಕೆಲವರ ಪ್ರಕಾರ ಪರಿಹಾರ ಸುಲಭ. ಪೂರಾ ರೇಟು ಕೊಡು, ಡಿಸ್ಕೌಂಟು ಬೇಡ ಅನ್ನು. ಇದು ಇನ್ನೂ ಅಪಾಯ. ನಮ್ಮಂಥ ನಾಲ್ಕು ಜನ ಬೆಂಗಳೂರಿನ ಸಂಬಳ ಹಿಡ್ಕೊಂಡು ಹೋಗಿ, ಒಂಬತ್ತೇನು ಹನ್ನೆರಡು ಕೊಡ್ತೀನಿ ಅಂದರೆ ಆ ಬೀದಿಯ ರೇಟೇ ಹನ್ನೆರಡಾಗುತ್ತೆ. ಆಗ ಜಾತಿ ಕೇಳದೆ ಇರೋ ಮಾಲೀಕರ ಮನೆಯೂ ಲೆಕ್ಚರರ್ ಕೈ ತಪ್ಪುತ್ತೆ. ದುಡ್ಡು ಜಾತಿ ಕೇಳಲ್ಲ ಅಂತಾರಲ್ಲ, ಅರ್ಧ ನಿಜ. ಅದು ಸ್ಯಾಲರಿ ಸ್ಲಿಪ್ ಕೇಳುತ್ತೆ.

ಹಾಗಾದರೆ ಉತ್ತರ ಹೇಳದೆ ಸುಮ್ಮನಿರೋದಾ? "ಮನೆ ದೇವ್ರು ಯಾವ್ದು" ಅಂದಾಗ "ಅದೆಲ್ಲ ಯಾಕೆ ಸಾರ್" ಅನ್ನೋದು ನನಗಿಷ್ಟ. ಆದರೆ ಹಾಗನ್ನೋ ಧೈರ್ಯವೂ ಅಡ್ಡಹೆಸರಿನ ಜೊತೆಗೇ ಬರುತ್ತೆ. ನಾನು ಹೇಳದಿದ್ದರೆ "ಮಾಡರ್ನ್ ಹುಡುಗ" ಆಗ್ತೀನಿ. ಲೆಕ್ಚರರ್ ಹೇಳದಿದ್ದರೆ ಅದೇ ಒಂದು ಉತ್ತರ.

ನನಗೆ ತೋಚಿದ್ದು ಬೇರೆ. ಸಣ್ಣ ಊರಲ್ಲಿ ಮನೆ ಬಿಡೋ ಬಾಡಿಗೆದಾರನ ಮಾತಿಗೆ ತೂಕ ಇದೆ. ವರ್ಷ ಕಳೆದು, ಬಾಡಿಗೆ ಐದನೇ ತಾರೀಖಿನೊಳಗೆ ತಪ್ಪದೆ ಕೊಟ್ಟ ಮೇಲೆ "ನಮ್ಮವರೊಬ್ಬರಿದ್ದಾರೆ ಸಾರ್" ಅಂದರೆ ಮಾಲೀಕರು ಕೇಳ್ತಾರೆ. ಆ "ನಮ್ಮವರು" ಅನ್ನೋ ಪದವನ್ನ ಯಾರಿಗೆ ಬೇಕಾದರೂ ಕೊಡಬಹುದಲ್ಲ? ಇದರಲ್ಲೂ ಒಂದು ಮುಳ್ಳಿದೆ. ಎಂಎ, ಪಿಎಚ್‌ಡಿ ಮಾಡಿದ ಮನುಷ್ಯನಿಗೆ ಒಂದು ಮನೆ ಸಿಗೋಕೆ ನನ್ನ ಗೆಳೆಯನಂಥವನ ಶಿಫಾರಸು ಯಾಕೆ ಬೇಕು? ಬೇಕಾಗಬಾರದು. ಅವರಿಗೆ ಅದು ಉಪಕಾರ ಅನ್ನಿಸದ ಹಾಗೆ ಮಾಡೋದು ಹೇಗೆ ಅಂತ ನನಗಿನ್ನೂ ಹೊಳೆದಿಲ್ಲ. ಬಹುಶಃ ಮೊದಲು ಅವರನ್ನೇ ಕೇಳಬೇಕು.

ಗೆಳೆಯ ಕೇಳಿದ. ಅವರು ನಕ್ಕು, "ಕೇಳಿ ನೋಡ್ರಿ, ನೀರರ ಬರ್ತಾವಲ್ರಿ ಅಲ್ಲಿ" ಅಂದರಂತೆ. ಅವನೀಗ ಮನೆ ಖಾಲಿ ಮಾಡ್ತಿದಾನೆ, ಮೇಷ್ಟ್ರ ಹತ್ತಿರ ಹೆಸರು, ಊರು ಎಲ್ಲಾ ಹೇಳಿಯೇ ವಿಷಯ ತೆಗೆದಿದಾನೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಆಷಾಢ ಕಳೀಲಿ, ನೋಡೋಣ" ಅಂದಿದ್ದಾರೆ.

ಮೊನ್ನೆಯಷ್ಟೇ ಶ್ರಾವಣ ಶುರುವಾಗಿದೆ.