ಕೊನೆಗುಳಿದ ಮಗುವಿನ ಶಾಲೆ

ಒಂದು ಶಾಲೆಯು ಶಾಲೆಯೆನಿಸಿಕೊಳ್ಳಬೇಕಾದರೆ ಅದರಲ್ಲಿ ಎಷ್ಟು ಮಕ್ಕಳಿರಬೇಕು? ಮೇಲುನೋಟಕ್ಕೆ ಇದು ಲೆಕ್ಕದ ಪ್ರಶ್ನೆ. ಇಲಾಖೆಯ ಕಡತಗಳಲ್ಲಿ ಇದಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. ಆದರೆ ನನ್ನ ಹುಟ್ಟೂರಿನ ಕಿರಿಯ ಪ್ರಾಥಮಿಕ ಶಾಲೆಯ ಹಾಜರಿಪುಸ್ತಕವನ್ನು ಕಳೆದ ಶ್ರಾವಣದಲ್ಲಿ ಕಂಡಂದಿನಿಂದ, ಇದು ಲೆಕ್ಕಕ್ಕೆ ಮಾತ್ರ ಸಂಬಂಧಿಸಿದ್ದೆಂದು ನಂಬುವುದು ನನಗೆ ಕಷ್ಟವಾಗಿದೆ. ನಾಲ್ಕು ದಶಕಗಳ ಹಿಂದೆ ಇಬ್ಬರು ಮಾಸ್ತರರು ಎಪ್ಪತ್ತು ಮಕ್ಕಳನ್ನು ಹಿಡಿದಿಡಲು ಹೆಣಗುತ್ತಿದ್ದ ಆ ಶಾಲೆಯಲ್ಲಿ ಈಗ ಐದೇ ಹೆಸರುಗಳಿವೆ. ಐದನೆಯದು, ಊರ ಹೊರಗಿನ ತೋಟವೊಂದನ್ನು ಕಾಯಲು ಪರಸ್ಥಳದಿಂದ ಬಂದ ದಂಪತಿಗಳ ಮಗಳದು. ಬರುವ ವರ್ಷ ಈ ಶಾಲೆಯನ್ನು ಮೂರು ಕಿಲೋಮೀಟರ್ ದೂರದ ಊರಿನ ಶಾಲೆಯಲ್ಲಿ ವಿಲೀನಗೊಳಿಸುವ ವಿಚಾರ ನಡೆದಿದೆಯೆಂದು ಅಲ್ಲಿಯ ಶಿಕ್ಷಕಿ ತಿಳಿಸಿದರು. ಮುಚ್ಚುವುದು ಎಂಬ ಮಾತನ್ನು ಈಗ ಯಾರೂ ಆಡುವುದಿಲ್ಲ. ವಿಲೀನ ಎನ್ನುತ್ತಾರೆ. ಹೊಳೆಯು ಕಡಲಿನಲ್ಲಿ ಲೀನವಾದಂತೆ ಐದು ಮಕ್ಕಳು ಎಲ್ಲಿಯೋ ಲೀನವಾಗುತ್ತಾರೆ, ಇಲ್ಲವೆ ಮನೆಯಲ್ಲಿಯೇ ಉಳಿಯುತ್ತಾರೆ.

ಉಳಿದ ಮಕ್ಕಳು ಎಲ್ಲಿಗೆ ಹೋದರು? ಬೆಳಗಿನ ಎಂಟು ಗಂಟೆಗೆ ಅಗಸಿಯ ಬಳಿ ನಿಂತರೆ ಉತ್ತರ ತಾನಾಗಿಯೇ ಬರುತ್ತದೆ. ಹಳದಿ ಬಣ್ಣದ ಬಸ್ಸೊಂದು ಬಂದು ಮಕ್ಕಳನ್ನು ತುಂಬಿಕೊಂಡು ತಾಲೂಕಿನ ಊರಿಗೆ ಹೊರಡುತ್ತದೆ. ಅದರ ಮೇಲೆ ಬರೆದಿರುವುದು ಇಂಗ್ಲಿಷ್ ಮಾಧ್ಯಮ ಶಾಲೆಯೊಂದರ ಹೆಸರು. ಅದನ್ನು ನಡೆಸುವವರು ಒಂದು ಮಠದವರು. ನನ್ನ ತಮ್ಮನ ಮೊಮ್ಮಗನೂ ಅದರಲ್ಲಿಯೇ ಹೋಗುತ್ತಾನೆ. ಆ ಬಸ್ಸಿಗೆ ಟಾಟಾ ಮಾಡಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಬರಹದಲ್ಲಿ ಯಾರನ್ನಾದರೂ ದೂಷಿಸಿದಂತೆ ಕಂಡರೆ, ಆ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಬೇಕೆಂದು ವಾಚಕರಲ್ಲಿ ಅರಿಕೆ.

ಪಾಲಕರನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ನಮ್ಮ ಸರಕಾರವು 1994ರಲ್ಲಿ ಮಾಡಿದ ಆದೇಶವನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಆ ತೀರ್ಪು ಬರುವುದಕ್ಕೆ ಎಷ್ಟೋ ಮೊದಲು ಜನರು ತಮ್ಮ ತೀರ್ಪನ್ನು ಕೊಟ್ಟಾಗಿತ್ತು. ಗಾರೆಕೆಲಸದವನೊಬ್ಬನು ಕೂಲಿಯಲ್ಲಿ ಉಳಿಸಿ ಮಗನ ಶುಲ್ಕ ಕಟ್ಟುವಾಗ ಅವನಿಗೆ ಕನ್ನಡದ ಮಹಿಮೆಯನ್ನು ಉಪದೇಶಿಸುವ ಅಧಿಕಾರ ಯಾರಿಗಿದೆ? ವೇದಿಕೆಯ ಮೇಲೆ ಹಾಗೆ ಉಪದೇಶಿಸುವವರ ಮೊಮ್ಮಕ್ಕಳು ಯಾವ ಶಾಲೆಯಲ್ಲಿದ್ದಾರೆಂಬುದು ಸಭೆಯಲ್ಲಿ ಕುಳಿತವರಿಗೆಲ್ಲ ಗೊತ್ತಿರುತ್ತದೆ.

ಸರಕಾರದ ಪಾಲೂ ಇದರಲ್ಲಿ ಸಣ್ಣದಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಖಾಸಗಿ ಶಾಲೆಗಳಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಅವರ ಶುಲ್ಕವನ್ನು ಸರಕಾರ ಭರಿಸಬೇಕಾಯಿತು. ಉದ್ದೇಶ ಒಳ್ಳೆಯದೇ. ಶ್ರೀಮಂತರ ಮಗುವಿನ ಪಕ್ಕದಲ್ಲಿ ಬಡವರ ಮಗು ಕುಳಿತುಕೊಳ್ಳಲಿ ಎಂಬುದನ್ನು ಯಾರು ಬೇಡವೆಂದಾರು? ಆದರೆ ಸರಕಾರವು ತನ್ನ ಶಾಲೆಯನ್ನು ಬಿಟ್ಟು ಹೋಗುವುದಕ್ಕೆ ತನ್ನ ಖಜಾನೆಯಿಂದಲೇ ಹಣ ಕೊಟ್ಟಂತಾಯಿತೆಂಬ ಆಕ್ಷೇಪವೂ ಸುಳ್ಳಲ್ಲ. 2018ರ ಡಿಸೆಂಬರದಲ್ಲಿ ನಿಯಮಕ್ಕೆ ತಿದ್ದುಪಡಿಯಾಗಿ, ನೆರೆಯಲ್ಲಿ ಸರಕಾರಿ ಇಲ್ಲವೆ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಸೌಲಭ್ಯವಿಲ್ಲವೆಂದಾಯಿತು. 2019ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಸರಕಾರವು ತನ್ನ 1000 ಶಾಲೆಗಳಲ್ಲಿ ತಾನೇ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು.

ಇನ್ನು ಹಣದ ವ್ಯಾಜ್ಯ. ಸಮಗ್ರ ಶಿಕ್ಷಾ ಯೋಜನೆಯ ವೆಚ್ಚವನ್ನು ಕೇಂದ್ರವು ಶೇಕಡಾ 60, ನಮ್ಮಂತಹ ರಾಜ್ಯವು ಶೇಕಡಾ 40 ಭರಿಸಬೇಕೆಂಬುದು ಒಪ್ಪಂದ. ಇನ್ನೊಂದು ಯೋಜನೆಗೆ ಸಹಿ ಹಾಕಲಿಲ್ಲವೆಂಬ ಕಾರಣಕ್ಕೆ ಈ ಹಣ ತಡೆಹಿಡಿಯಲ್ಪಟ್ಟಿತೆಂದು ತಮಿಳುನಾಡು 2025ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಬೇಕಾಯಿತು. ನಮ್ಮಲ್ಲಿ 1995ರ ತರುವಾಯ ಆರಂಭವಾದ ಕನ್ನಡ ಮಾಧ್ಯಮದ ಖಾಸಗಿ ಶಾಲೆಗಳು ಅನುದಾನಕ್ಕಾಗಿ ಎಷ್ಟು ಬಾರಿ ಮನವಿ ಸಲ್ಲಿಸಿವೆಯೆಂಬುದನ್ನು ಸಂಸ್ಥೆ ನಡೆಸುವ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ತಾಯಿಗೆ ಅನ್ನ ಹಾಕಬೇಕಾದವರು ಯಾರೆಂದು ಅಣ್ಣತಮ್ಮಂದಿರು ಪಂಚಾಯಿತಿ ಸೇರಿಸಿದರೆ ಇಬ್ಬರ ಮಾತಿನಲ್ಲಿಯೂ ನ್ಯಾಯವಿರಬಹುದು. ಪಂಚಾಯಿತಿ ಮುಗಿಯುವವರೆಗೆ ತಾಯಿ ಮಾತ್ರ ಹಸಿದಿರುತ್ತಾಳೆ.

ಹೀಗೆ ನೋಡುತ್ತ ಹೋದರೆ ಅಪರಾಧಿಯೇ ಸಿಕ್ಕುವುದಿಲ್ಲ. ಪಾಲಕನು ಮಗನ ಒಳಿತನ್ನು ಬಯಸಿದನು. ಸಂಸ್ಥೆಯು ಜನರು ಕೇಳಿದ್ದನ್ನು ಕೊಟ್ಟಿತು. ಅಧಿಕಾರಿಯು ಸಾರ್ವಜನಿಕರ ಹಣ ಪೋಲಾಗದಿರಲೆಂದು ನೋಡಿದನು. ಎಲ್ಲರ ನಿರ್ದೋಷವಾದ ನಿರ್ಧಾರಗಳು ಕೂಡಿ ಒಂದು ಅನ್ಯಾಯವಾಗಿದೆ. ಅದು ಯಾವುದೇ ನಿರ್ಧಾರ ಮಾಡಲು ಶಕ್ತಿಯಿಲ್ಲದವರ ತಲೆಯ ಮೇಲೆ ಬಂದು ಬಿದ್ದಿದೆ. ಶಾಲೆಯನ್ನು ಮೊದಲು ಬಿಡುವವರು ಉಳ್ಳವರು. ಅನಂತರ ಸಾಲ ಮಾಡಬಲ್ಲವರು. ಕೊನೆಗೆ ಉಳಿಯುವುದು ತೋಟ ಕಾಯುವವನ ಮಗಳು. ಅಂದರೆ ಸರಕಾರಿ ಶಾಲೆಯ ಅವಶ್ಯಕತೆ ಯಾರಿಗೆ ಎಲ್ಲಕ್ಕಿಂತ ಹೆಚ್ಚಾಗಿದೆಯೋ ಅವರು ಮಾತ್ರ ಉಳಿದಾಗಲೇ ಅದರ ಅವಶ್ಯಕತೆ ತೀರಿತೆಂದು ನಾವು ಹೇಳುತ್ತಿದ್ದೇವೆ. 2002ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಮೂಲಭೂತ ಹಕ್ಕಾಯಿತು. ಆ ಹಕ್ಕು ಒಂದೊಂದು ಮಗುವಿಗೆ ಸೇರಿದ್ದು. ಇಪ್ಪತ್ತು ಜನ ಕೂಡಿದಾಗ ಹುಟ್ಟಿ, ಐದಕ್ಕೆ ಇಳಿದಾಗ ಅಳಿಯುವ ಹಕ್ಕನ್ನು ಹಕ್ಕೆನ್ನಲಾಗದು.

ಇದಕ್ಕೆ ಆ ಶಿಕ್ಷಕಿಯವರೇ ನನ್ನೆದುರು ಒಂದು ಮಾತು ಹೇಳಿದರು. ಅದನ್ನು ಮುಚ್ಚಿಟ್ಟರೆ ಅಪ್ರಾಮಾಣಿಕತೆಯಾದೀತು. "ಐದು ಹುಡುಗರನ್ನ ಕಟ್ಟಿಕೊಂಡು ಕಬಡ್ಡಿ ಹೆಂಗ ಆಡಸ್ಲಿರಿ ಅಜ್ಜಾರ? ನಾ ಟ್ರೇನಿಂಗಿಗೆ ಹೋದ ದಿನ ಸಾಲಿಗೇ ಕೀಲಿ. ಮೂರನೇತ್ತದಾಗ ಒಂದೇ ಹುಡುಗಿ, ಅದಕ್ಕ ಗೆಳತೇರ ಇಲ್ಲ." ನಿಜ. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿ-ಕಲಿ ಪದ್ಧತಿಯು ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ನಾಡಿಗೆಲ್ಲ ಹರಡಿದೆ. ಕಡಿಮೆ ಮಕ್ಕಳಿದ್ದರೆ ಕಲಿಸಲಾಗದೆಂಬ ವಾದಕ್ಕೆ ಅದರಿಂದ ಉತ್ತರ ದೊರೆಯುತ್ತದೆ. ಆದರೆ ಒಡನಾಡಿಯಿಲ್ಲದ ಬಾಲ್ಯಕ್ಕೆ ಯಾವ ಪದ್ಧತಿಯೂ ಉತ್ತರವಲ್ಲ. ಆದುದರಿಂದ ವಿಲೀನವೆಂಬುದೇ ಪಾಪವೆಂದು ನಾನು ವಾದಿಸಲಾರೆ. ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂಬುದು ನಿಯಮ. ನಮ್ಮೂರಿಗೂ ಆ ಊರಿಗೂ ನಡುವೆ ಮೂರು ಕಿಲೋಮೀಟರ್ ಅಲ್ಲದೆ ಒಂದು ಹಳ್ಳವೂ ಇದೆ. ಮಳೆಗಾಲದಲ್ಲಿ ಅದು ಏರಿದರೆ ದೊಡ್ಡವರೇ ದಾಟಲು ಅಂಜುತ್ತಾರೆ. ಮೊದಲು ವಾಹನ ಬರಲಿ, ಅನಂತರ ಬೀಗ ಬೀಳಲಿ ಎಂಬಷ್ಟನ್ನಾದರೂ ಕೇಳುವುದು ಅತಿಯಾಸೆಯೇ?

ಬೀಗ ಬಿದ್ದ ಮೇಲೆ ಆ ಜಾಗ ಯಾರದು ಎಂಬ ಇನ್ನೊಂದು ಪ್ರಶ್ನೆಯಿದೆ. ನಮ್ಮೂರ ಶಾಲೆಯ ನಿವೇಶನವನ್ನು ಒಬ್ಬ ಗೌಡರು ಬರೆದುಕೊಟ್ಟರು. ಕಲ್ಲನ್ನು ಊರವರು ಚಕ್ಕಡಿಗಳಲ್ಲಿ ಹೇರಿ ತಂದರು. ಅವರು ದಾನ ಮಾಡಿದ್ದು ಇಲಾಖೆಗಲ್ಲ, ಹುಟ್ಟಲಿರುವ ಮಕ್ಕಳಿಗೆ. ಕೇರಳದ ಕಲ್ಲಿಕೋಟೆಯ ಮಲಾಪರಂಬದಲ್ಲಿ ಅನುದಾನಿತ ಶಾಲೆಯೊಂದನ್ನು ಅದರ ವ್ಯವಸ್ಥಾಪಕರು ಲಾಭದಾಯಕವಲ್ಲವೆಂದು ಮುಚ್ಚಬಯಸಿ 2014ರಲ್ಲಿ ಕಟ್ಟಡವನ್ನು ಕೆಡವಿಸಿದಾಗ, ಊರ ಜನರು ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. 2016ರಲ್ಲಿ ಸರಕಾರವೇ ಆ ಶಾಲೆಯನ್ನು ವಹಿಸಿಕೊಳ್ಳುವ ನಿರ್ಧಾರ ಮಾಡಿತು. ಇರುವ ಶಾಲೆ ಯಾವಾಗ ಯಾರಿಗೆ ಬೇಕಾದೀತೆಂದು ಹೇಳಬರುವುದಿಲ್ಲ. ಕರೋನಾ ಬಂದ ವರ್ಷಗಳಲ್ಲಿ ದುಡಿಮೆ ನಿಂತು ಶುಲ್ಕ ಕಟ್ಟಲಾಗದೆ ನಮ್ಮ ರಾಜ್ಯದ ಅನೇಕ ಪಾಲಕರು ಮಕ್ಕಳನ್ನು ಖಾಸಗಿ ಶಾಲೆಯಿಂದ ಬಿಡಿಸಿ ಸರಕಾರಿ ಶಾಲೆಗೆ ಕರೆತಂದರು. ಮನೆಮನೆಗೆ ನಳ ಬಂದಿತೆಂದು ಊರ ಬಾವಿಯನ್ನು ಹೂಳಿದವರಿಗೆ ಬರಗಾಲ ಬಂದಾಗ ಅದರ ಅರ್ಥವಾಗುತ್ತದೆ.

ನಮ್ಮಲ್ಲಿ ಬಹಳ ಜನ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಸಂಜೆ ಎಷ್ಟು ಎಲೆ ಎಂದು ಅಡಿಗೆಯವರು ಕೇಳುತ್ತಿದ್ದುದು ನೆನಪಿರಬಹುದು. ಆ ಎಣಿಕೆಯಿಂದ ಅಕ್ಕಿಯ ಅಳತೆ ಗೊತ್ತಾಗುತ್ತಿತ್ತು. ಒಲೆ ಹೊತ್ತಿಸಬೇಕೋ ಬೇಡವೋ ಎಂಬುದು ಮಾತ್ರ ಎಂದೂ ಅದರಿಂದ ನಿರ್ಧಾರವಾಗಲಿಲ್ಲ. ದೀಪಾವಳಿಯ ರಜೆಯಲ್ಲಿ ಊರಿಗೆ ಹೋಗಲು ಬಸ್ಸಿನ ಹಣವಿಲ್ಲದೆ ನಾವು ಮೂವರೇ ಉಳಿದಿದ್ದ ವರ್ಷವೂ ಒಲೆ ಹೊತ್ತಿತ್ತು. ಸಿರಸಂಗಿಯ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟರು. ಮಠಗಳು ಭಿಕ್ಷೆಯೆತ್ತಿ ನಿಲಯಗಳನ್ನು ನಡೆಸಿದವು. ಅವೆಲ್ಲವೂ ಬೇರೆ ದಾರಿಯಿಲ್ಲದೆ ಉಳಿದುಹೋದ ಹುಡುಗರಿಗಾಗಿಯೇ. ಇಂದು ಮಠಗಳು ಇಂಗ್ಲಿಷ್ ಶಾಲೆ ತೆರೆದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅಲ್ಲಿಯ ಶುಲ್ಕದಿಂದ ಎಷ್ಟೋ ನಿಲಯಗಳ ಖರ್ಚು ಸಾಗುತ್ತಿರಬಹುದು. ಆದರೆ ನಮ್ಮ ಬಸ್ಸು ಒಂದು ಊರಿನ ಮಕ್ಕಳನ್ನು ಕರೆದೊಯ್ದುದರಿಂದ ಆ ಊರಿನ ಶಾಲೆ ಮುಚ್ಚುವುದಾದರೆ, ಅಲ್ಲಿ ಉಳಿದ ಮಗುವಿನ ಋಣ ಸ್ವಲ್ಪವಾದರೂ ನಮ್ಮ ಮೇಲಿದೆಯಲ್ಲವೇ?

ಆ ಹಳದಿ ಬಸ್ಸು ತಾಲೂಕಿಗೆ ಹೋಗುವುದು ವಿಲೀನವಾಗಲಿರುವ ಶಾಲೆಯ ಮುಂದಿನಿಂದಲೇ. ಅದರಲ್ಲಿ ಹಿಂದಿನ ಸಾಲಿನ ಆಸನಗಳು ಖಾಲಿಯಿರುವುದನ್ನು ನಾನೇ ಕಂಡಿದ್ದೇನೆ. ಐದು ಮಕ್ಕಳನ್ನು ಆ ಬಾಗಿಲಿಗೆ ಇಳಿಸಿ ಹೋಗಲು ಸಾಧ್ಯವೇ ಎಂದು ಆ ಸಂಸ್ಥೆಯ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ಸಜ್ಜನರು, ಚಹಾ ತರಿಸಿದರು. ಹೊರಗಿನ ಮಕ್ಕಳನ್ನು ಹತ್ತಿಸಿಕೊಳ್ಳಲು ವಿಮೆಯ ಅಡಚಣೆಯಿದೆ, ಪಾಲಕರೂ ತಕರಾರು ಮಾಡಬಹುದು, ಮೇಲಿನವರನ್ನು ಕೇಳಿ ತಿಳಿಸುತ್ತೇವೆ ಎಂದರು. ಶಾಲೆಗಳು ತೆರೆಯಲು ಇನ್ನು ಎರಡು ತಿಂಗಳಿವೆ. ಮುಂದಿನ ವಾರ ಮತ್ತೊಮ್ಮೆ ಹೋಗುವವನಿದ್ದೇನೆ.