ಬಡತನ ನೀಗುವ ದಾಸೋಹ



ಬೆಟ್ಟ ಹತ್ತಿ ಬಂದವರು ಕಾಯಿ ಒಡೆಸುತ್ತಾರೆ, ಹುಂಡಿಗೆ ಕಾಣಿಕೆ ಹಾಕುತ್ತಾರೆ, ಮೆಟ್ಟಿಲ ಬದಿಯಲ್ಲಿ ಕುಳಿತವರ ತಟ್ಟೆಗೆ ಚಿಲ್ಲರೆ ಹಾಕುತ್ತಾರೆ. ಒಳ್ಳೆಯದೇ. ಆದರೆ ಮುಂದಿನ ವರ್ಷ ಬಂದಾಗಲೂ ಅದೇ ಜಾಗದಲ್ಲಿ ಅದೇ ತಟ್ಟೆ ಇರುತ್ತದಲ್ಲ! ಹಾಗಾದರೆ ಯಾರ ಬಡತನ ಹೋಯಿತು? ‘ಅದು ಅವನ ಪೂರ್ವಜನ್ಮದ ಕರ್ಮ’ ಅಂತ ಕೈತೊಳೆದುಕೊಳ್ಳುವವರೂ ಇದ್ದಾರೆ. ಹಸಿದವನ ಮುಂದೆ ಆಡುವ ಈ ಮಾತು ಧರ್ಮವಲ್ಲ, ಜಾರಿಕೊಳ್ಳುವ ದಾರಿ.

12ನೇ ಶತಮಾನದ ಕಲ್ಯಾಣದಲ್ಲಿ ಶರಣರು ಬೇರೆ ದಾರಿ ತೋರಿದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮ ಒಪ್ಪಲಿಲ್ಲ. ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಅಂದರಂತೆ. ಆ ಬಡ ದಂಪತಿ ಆಯ್ದ ಅಕ್ಕಿಯಲ್ಲೇ ಜಂಗಮರಿಗೆ ಉಣಬಡಿಸಿದರು ಎಂದು ಪರಂಪರೆ ಹೇಳುತ್ತದೆ. ಎಲ್ಲರೂ ದುಡಿಯಬೇಕು, ಬೇಕಾದಷ್ಟೇ ಇಟ್ಟುಕೊಳ್ಳಬೇಕು, ಉಳಿದದ್ದು ಸಮಾಜಕ್ಕೆ. ‘ನಾನು ಕೊಟ್ಟೆ’ ಎಂಬುದು ಇದ್ದರೆ ಅದು ದಾನ. ಆ ‘ನಾನು’ ಅಳಿದರೆ ದಾಸೋಹ.

ಅದೇ ದಾರಿಯಲ್ಲಿ ನಡೆದವರು ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮಿಗಳು. 1941ರಲ್ಲಿ ಮಠದ ಹೊಣೆ ಹೊತ್ತವರು ಜೋಳಿಗೆ ಹಿಡಿದು ಊರೂರು ತಿರುಗಿದರು. ರೈತರು ಕೊಟ್ಟ ರಾಗಿ, ಕಾಳು ಬಡಮಕ್ಕಳ ಊಟವಾಯಿತು. ಬರೀ ಊಟ ಹಾಕಿ ಕಳಿಸಿದ್ದರೆ ಆ ಮಕ್ಕಳು ನಾಳೆ ಮತ್ತೆ ಹಸಿದು ಬರುತ್ತಿದ್ದರು. ಅನ್ನದ ಜೊತೆಗೆ ಅಕ್ಷರವನ್ನೂ ಆಶ್ರಯವನ್ನೂ ಕೊಟ್ಟರು, ಜಾತಿ ಕೇಳಲಿಲ್ಲ. ಅವರ ಕೊನೆಯ ವರ್ಷಗಳಲ್ಲಿ ಅಲ್ಲಿ ಸುಮಾರು 10,000 ಮಕ್ಕಳು ಓದುತ್ತಿದ್ದರು. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಸುದ್ದಿ ತಿಳಿಸಬಾರದೆಂಬುದು ಅವರ ಇಚ್ಛೆಯಾಗಿತ್ತು. ಮಠ ಹಾಗೇ ನಡೆದುಕೊಂಡಿತು.

ಗೀತೆಯ ಪ್ರವಚನ ಮಾಡುತ್ತಿದ್ದ ವಿನೋಬಾ ಭಾವೆ ಇನ್ನೊಂದು ದಾರಿ ಹಿಡಿದರು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ದಲಿತ ಕುಟುಂಬಗಳು ಅವರನ್ನು ಕೇಳಿದ್ದು ಅನ್ನವನ್ನಲ್ಲ, ಉಳುವುದಕ್ಕೆ 80 ಎಕರೆ ಭೂಮಿಯನ್ನು. ಅಲ್ಲೇ ಇದ್ದ ರಾಮಚಂದ್ರ ರೆಡ್ಡಿ 100 ಎಕರೆ ಕೊಡುತ್ತೇನೆ ಅಂದರು. ಭೂದಾನ ಚಳವಳಿ ಹುಟ್ಟಿತು. ವಿನೋಬಾ ವರ್ಷಗಟ್ಟಲೆ ನಡೆದರು. 40 ಲಕ್ಷ ಎಕರೆಗೂ ಹೆಚ್ಚು ಭೂಮಿ ದಾನ ಬಂತು. ಆದರೆ ನೋಡಿ, ಅದರಲ್ಲಿ ಬಹಳಷ್ಟು ಕಲ್ಲು ನೆಲ, ಬರಡು, ವ್ಯಾಜ್ಯದ ಜಮೀನು. ಎಷ್ಟೋ ಭೂಮಿ ಬಡವನ ಕೈ ಸೇರಲೇ ಇಲ್ಲ. ಸಂತನ ಮಾತಿಗೆ ತಲೆಬಾಗಿದವರೂ ತಮಗೆ ಬೇಡವಾದದ್ದನ್ನೇ ಕೊಟ್ಟರೆ ಬಡತನ ಹೇಗೆ ಹೋದೀತು?

ತೆಗೆದುಕೊಂಡವನು ಎರಡನೆಯ ಸಲ ಕೈ ಒಡ್ಡದಂತೆ ಆಗಬೇಕು. ಅದೇ ಧರ್ಮದ ಒರೆಗಲ್ಲು. ಅದಕ್ಕೆ ಕೋಟಿ ಬೇಕಿಲ್ಲ. ಆಳಿನ ಕೂಲಿಯನ್ನು ನಾಳೆ ನಾಡಿದ್ದು ಎನ್ನದೆ ಆ ಸಂಜೆಯೇ ಕೊಡಿ. ಮನೆಗೆಲಸಕ್ಕೆ ಬರುವವರ ಮಗು ಶಾಲೆ ಬಿಟ್ಟಿದ್ದರೆ ಮತ್ತೆ ಸೇರಿಸಿ. ಕೆಲಸ ಬಲ್ಲವರು ಒಬ್ಬ ಹುಡುಗನಿಗಾದರೂ ಕೆಲಸ ಕಲಿಸಿ. ಹರಕೆ ಹೊತ್ತವರು ಇದನ್ನೂ ಒಂದು ಹರಕೆ ಎಂದುಕೊಳ್ಳಿ. ಮುಂದಿನ ವರ್ಷ ಇದೇ ಮೆಟ್ಟಿಲಲ್ಲಿ ಒಂದು ತಟ್ಟೆ ಕಡಿಮೆಯಾದರೆ, ದೇವರಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಯಾವುದಿದೆ?

ಎಲ್ಲರಿಗೂ ಮಂಗಳವಾಗಲಿ.